ಮುಸುರಿ ಲೆಕ್ಕ

ರಾತ್ರಿ ಹತ್ತೂವರಿಗೆ ಷಟರ್ ಅರ್ಧ ಇಳಿಸಿ
ಮುಸುರಿ ಬಕೀಟು ಕಾಟಾಕ್ಕ ಏರಿಸ್ತೀನಿ.
ಗಂಗಾವತಿ ಮಿಲ್ಲಿನವರು ಬ್ಯಾಡಂತ ಬಿಟ್ಟ ಹಳೇ ಕಾಟಾ,
ಮುಳ್ಳು ಎರಡು ಸಲ ತಲಿ ಅಲ್ಲಾಡಿಸಿ ನಿಲ್ತೈತಿ.
ಹನ್ನೊಂದು ಕಿಲೊ ನಾನೂರು ಗ್ರಾಂ.
ಬರೀತೀನಿ, ಗಲ್ಲಾದ ಲೆಕ್ಕದ ಎದುರು ಪುಟದಾಗ
ಕೆಂಪು ಶಾಯಿಲೆ.

ಅಮರವ್ವ ಇದನ್ನ ಹಚ್ಚಿದ್ದು
ಹೋದ ವರ್ಷ ಬಿಳಿಜೋಳ ತೇಜಿ ಆದಾಗ.
"ಚೀಲ ಖಾಲಿ ಆಗ್ತೈತಿ, ಗಲ್ಲಾ ತುಂಬವಲ್ದು,
ನಡುವ ಎಲ್ಲಿ ಸೋರ್ತೈತೋ ನೋಡೋ ಕನಕರಾಯ."
ನಾನು ತಟ್ಟಿ ಎತ್ತೋನು.
ಹದಿನಾಲ್ಕು ವರ್ಷ ಎಂಜಲು ಓದಿದವ.
ಮಂದಿ ಮಾರಿ ಮರೀತೀನಿ, ತಟ್ಟಿ ಮರೆಯಂಗಿಲ್ಲ.
ಭತ್ತದ ಲಾರಿ ಮೌಲಾಸಾಬ್
ಬೆರಳಿಲೆ ಒರೆಸಿ ಹೊಳಪು ಕೊಟ್ಟಿರ್ತಾನ;
ಏಜೆಂಟ್ ವಿರುಪಣ್ಣ ಅನ್ನದ ಗುಡ್ಡೆ ಬಿಟ್ಟು
ನೆತ್ತಿ ಮ್ಯಾಲೆ ಮಾವಿನಕಾಯಿ ಗೊರಟ ನೆಡ್ತಾನ;
ಬ್ಯಾಂಕಿನ ಹುಡುಗಿ ಪುಂಡಿಪಲ್ಯ ಮುಗಿಸಿ
ಎರಡನೇ ರೊಟ್ಟಿ ಮುಟ್ಟಿರಂಗಿಲ್ಲ,
ಬ್ಯಾಡ ಅನ್ನಾಕ ನಾಚಿಕಿ.

ನಾಚಿಕಿ. ಅದನ್ನ ಯಾವ ಕಲಮಿನಾಗ ಬರೀಲಿ?

ರೊಟ್ಟಿ ದ್ಯಾಮವ್ವ ಮೊದಲಿಗೆ ಸೆಟಗೊಂಡಳು:
"ಸೌಟು ಸಣ್ಣದು ಮಾಡಾಕ ಇದೇನು ಸಾವಿನ ಮನಿ ಊಟ?
ಉಣ್ಣೋರ ಮುಂದ ಕೈ ಬಿಗಿ ಹಿಡಿಬಾರ್ದು,
ನಮ್ಮವ್ವ ಹೇಳ್ಯಾಳ."
ಅಮರವ್ವ ವಾದ ಮಾಡಲಿಲ್ಲ.
ಹಿತ್ತಲಕ್ಕ ಕರಕೊಂಡು ಹೋಗಿ
ಬಕೀಟಿನಾಗ ಕೈ ಹಾಕಿಸಿದಳು.
ದ್ಯಾಮವ್ವನ ಕೈಗೆ ಬಂದಿದ್ದು ತನ್ನ ರೊಟ್ಟಿನೇ,
ನಸುಕಿನಾಗ ನಾಲ್ಕಕ್ಕ ಎದ್ದು ಬಡಿದದ್ದು.
ನೆನೆದರೂ ಬೆರಳಿನ ಗುರುತು ಅಳಿಸಿರಲಿಲ್ಲ.
ಕೈ ತೊಳದು ಗ್ವಾಡಿಗೆ ಒರಗಿ ನಿಂತಳು ಒಂದು ಗಳಿಗಿ.
ಮರುದಿನ ಸಣ್ಣ ಸೌಟು ತಾನ ತಂದಳು,
ಮೊಮ್ಮಗಳ ಆಟದ ಸಾಮಾನಿಂದ ಕದ್ದಂಗಿತ್ತು.

ಈಗ ಸಣ್ಣದು ನೀಡ್ತೀವಿ, ಸಲ ಸಲ ಕೇಳ್ತೀವಿ.
ಅರ್ಧ ಅಂದ್ರ ಅರ್ಧ. ಕಾಲು ಅಂದ್ರ ಕಾಲು.
"ಬಡತನ ಬಂತೇನವ್ವ ಖಾನಾವಳಿಗೆ?" ಅಂದ ವಿರುಪಣ್ಣ,
ಮೂರು ದಿನ ಎದುರಿನ ಧಾಬಾಕ್ಕ ಹೋದ,
ನಾಲ್ಕನೇ ದಿನ ಬಂದ.
ಗೊರಟ ನೆಡಾಕ ಗುಡ್ಡೆ ಇರಲಿಲ್ಲ,
ಜೇಬಿನಾಗ ಹಾಕ್ಕೊಂಡು ಹೋದ ಅಂತ ಕಾಣ್ತೈತಿ.

ಒಲಿಗೆ ಮಿಲ್ಲಿನ ಹೊಟ್ಟು. ಹೊಟ್ಟಿನ ಬೂದಿ ಪಾತ್ರಿ ತಿಕ್ಕಾಕ.
ಪಾತ್ರಿ ತೊಳೆದ ನೀರು ಪುಂಡಿ ಮಡಿಗೆ.
ಪುಂಡಿ ಮತ್ತ ಒಲಿ ಮ್ಯಾಲೆ.
ಕೇಳಾಕ ಚಂದ. ಹೊಟ್ಟಿನ ಹೊಗಿಗೆ ದ್ಯಾಮವ್ವ ಕೆಮ್ತಾಳ,
ಚಿಮಣಿ ಇನ್ನೊಂದು ಗಜ ಎತ್ತಬೇಕು, ರೊಕ್ಕ ಕೂಡಿಲ್ಲ.
ಡಬ್ಬಿ ತಂದೋರಿಗೆ ಶೇಂಗಾ ಹಿಂಡಿ ಒಂದು ಚಮಚ ಹೆಚ್ಚು.
ಸಾರು ಮಾತ್ರ ಒಮ್ಮೊಮ್ಮೆ ಇನ್ನೂ
ಪ್ಲಾಸ್ಟಿಕ್ ಕವರಿನಾಗ ಬೆವರಿಕೋತ ಹೋಗ್ತೈತಿ.
ಅದನ್ನೂ ಬರೀತೀನಿ.

ಒಂಬತ್ತು. ಏಳೂವರಿ. ಐದು.
ಮುಳ್ಳು ಎಡಕ್ಕ ಎಡಕ್ಕ ಸರೀತು.
ಒಂದಿನ ಹೊನ್ನೂರಬಿ ಹಿಂದಿನ ಬಾಗಿಲಾಗ ನಿಂತು
ಬಕೀಟು ಎತ್ತಿ, ಹಗುರಾಗಿದ್ದು ನೋಡಿ,
"ನನ್ನ ಎಮ್ಮಿ ಏನು ತಪ್ಪು ಮಾಡಿದ್ವವ್ವ?" ಅಂದಳು.

ಅಮರವ್ವನ ಬಾಯಾಗ ಉತ್ತರ ಇರಲಿಲ್ಲ.
ನನ್ನ ಪುಸ್ತಕದಾಗಂತೂ ಇರಲಿಲ್ಲ.

ಈಗ ಸಿಪ್ಪಿ, ದಂಟು, ಅಕ್ಕಿಗಚ್ಚು ಬ್ಯಾರೆ ಬಕೀಟು,
ಖಾರ ಸೋಕದಂಗ, ಎಮ್ಮಿಗೆ.
ಪಾಕೀಟು ಮೊಸರು ನಿಂತೈತಿ, ಹೊನ್ನೂರಬಿ ಗಡಿಗಿ ಬರ್ತೈತಿ.
ನೀರು ತುಸು ಹೆಚ್ಚಿರ್ತೈತಿ.
ಅಮರವ್ವ ಕಂಡೂ ಕಾಣದಂಗ ರೊಕ್ಕ ಎಣಿಸ್ತಾಳ.

ಇವತ್ತು ಮೂರು ಕಿಲೊ ಇನ್ನೂರು.
ಬ್ಯಾಂಕಿನ ಹುಡುಗಿ ಎಲ್ಲಾರಿಗೂ ಕೇಳೋ ಹಂಗ
"ಅರ್ಧ ಸಾಕಣ್ಣ" ಅಂದಳು.
ಎಲ್ಲಾರದು ಎತ್ತಿದ ಮ್ಯಾಲೆ ನನ್ನ ತಟ್ಟಿ ಹಾಕ್ಕೊಂಡೆ.
ದಿನಾ ಎರಡು, ಕೇಳೋರಿಲ್ಲ, ರೂಢಿ.
ಎಷ್ಟು ಬೇಕೋ ಅಂತ ಇವತ್ತು ಒಳಗ ಕೇಳಿದೆ.
ಒಂದೂವರಿ ಅಂತು ಹೊಟ್ಟಿ.
ಉಳಿದರ್ಧ ಬುಟ್ಟಿಯಾಗ ಇಟ್ಟು ದೀಪ ಆರಿಸಿದೆ,
ಕತ್ತಲಾಗ ಅದು ಕಟಕ ಆಗ್ತಿರೋದು
ಕೇಳಿದಂಗಾತು.